ಹಳೆಯ ಮನೆಗೂ ಸ್ಕ್ಯಾನಿಂಗ್: ಬೆಳಕಿನಿಂದ ಅಳತೆ ತೆಗೆಯುವುದು ಹೇಗೆ?

"ಸ್ಕ್ಯಾನಿಂಗ್ ಅಂದ್ರೆ ಬಸುರಿಗೆ ಮಾಡಿಸೋದು ಗೊತ್ತು, ಮಂಡಿ ನೋವಿಗೆ ಮಾಡಿಸೋದು ಗೊತ್ತು. ಗೋಡೆಗೂ ಮಾಡಿಸ್ತಾರೇನೋ?"

ಊರಿನ ಹಳೆಯ ಮನೆಯನ್ನು ಸರಿಮಾಡಿಸಲು ಆರ್ಕಿಟೆಕ್ಟ್ ಕಳಿಸಿದ ಅಂದಾಜು ಪಟ್ಟಿಯನ್ನು ಕನ್ನಡಕ ಏರಿಸಿಕೊಂಡು ಓದುತ್ತಿದ್ದ ದೊಡ್ಡಮ್ಮ ಕೇಳಿದ ಪ್ರಶ್ನೆ ಇದು. ಪಟ್ಟಿಯ ಮೊದಲ ಸಾಲಿನಲ್ಲಿ ಸಿಮೆಂಟಿರಲಿಲ್ಲ, ಮರವೂ ಇರಲಿಲ್ಲ. '3ಡಿ ಲೇಸರ್ ಸ್ಕ್ಯಾನ್ ಮತ್ತು ನಕ್ಷೆ' ಎಂದಿತ್ತು. ಒಂದು ಇಟ್ಟಿಗೆಯನ್ನೂ ಅಲುಗಿಸದೆ ಇಷ್ಟು ದುಡ್ಡೇ? ಟೇಪು ಹಿಡಿದು ಅಳೆದರೆ ಆಗದೆ?

ತೊಟ್ಟಿ ಮನೆಯನ್ನು ಉಳಿಸಿಕೊಳ್ಳಲು ಹೊರಟವರು, ಹಳೆಯ ಫ್ಲ್ಯಾಟಿನ ಒಳಗೋಡೆ ಬದಲಿಸುವವರು, ಊರ ದೇವಸ್ಥಾನದ ಜೀರ್ಣೋದ್ಧಾರ ಸಮಿತಿಯವರು, ಹೀಗೆ ಕಟ್ಟಡವನ್ನು ಕೆಡವದೆ ಸರಿಮಾಡಿಸುವ ಯಾರಿಗಾದರೂ ಈ ಪ್ರಶ್ನೆ ಎದುರಾಗಬಹುದು. ಸ್ವಲ್ಪ ಬುಡದಿಂದಲೇ ನೋಡೋಣ.

## ಹೊಸ ಮನೆಗೆ ನಕ್ಷೆ ಮೊದಲು, ಹಳೆಯ ಮನೆಗೆ ಮನೆಯೇ ಮೊದಲು

ಹೊಸ ಮನೆ ಕಟ್ಟುವಾಗ ಮೊದಲು ಕಾಗದದ ಮೇಲೆ ನಕ್ಷೆ, ಆಮೇಲೆ ಪಾಯ. ರಿಪೇರಿಯಲ್ಲಿ ಈ ಕ್ರಮ ತಲೆಕೆಳಗು. ಮನೆ ಎದುರಿಗೇ ನಿಂತಿದೆ, ನಕ್ಷೆ ಇಲ್ಲ. ಟ್ರಂಕಿನ ತಳದಲ್ಲಿ ಹಳದಿಗಟ್ಟಿದ ಪ್ಲಾನು ಸಿಕ್ಕರೂ ಅದು ಪುರಸಭೆಯ ಮಂಜೂರಾತಿಗೆ ಕೊಟ್ಟದ್ದು. ಕಟ್ಟಿದ್ದು ಬೇರೆ. ಕಟ್ಟಿದ ಮೇಲೆ ಚಿಕ್ಕಪ್ಪ ಜಗಲಿಗೆ ಗೋಡೆ ಎಬ್ಬಿಸಿ ಕೋಣೆ ಮಾಡಿದ್ದು, ಅತ್ತಿಗೆ ಬಂದಾಗ ಹಿತ್ತಿಲಿಗೆ ಬಚ್ಚಲು ಸೇರಿದ್ದು, ಇವೆಲ್ಲ ಮತ್ತೂ ಬೇರೆ. ಆದ್ದರಿಂದ ನಿಂತಿರುವ ಮನೆಯನ್ನು ನೋಡಿ ಅದು ಇದ್ದ ಹಾಗೆಯೇ ನಕ್ಷೆ ಬಿಡಿಸಬೇಕು. ಕಟ್ಟಡದ ಸರ್ವೆ ಎಂದರೆ ಇಷ್ಟೇ.

ಟೇಪಿನಿಂದ ಅದು ಆಗುವುದಿಲ್ಲವೆಂದಲ್ಲ. ತಲೆಮಾರುಗಳಿಂದ ಹಾಗೆಯೇ ಆಗಿದೆ. ತೊಡಕು ಎಲ್ಲಿದೆ ಎಂದು ಒಂದು ಉದಾಹರಣೆಯಿಂದ ನೋಡಬಹುದು.

ಪಡಸಾಲೆ 12 ಅಡಿ ಅಗಲ, 16 ಅಡಿ ಉದ್ದ ಎಂದುಕೊಳ್ಳಿ. ನಾಲ್ಕೂ ಮೂಲೆ ಮಟ್ಟಸವಾಗಿದ್ದರೆ ಒಂದು ಮೂಲೆಯಿಂದ ಎದುರು ಮೂಲೆಗೆ ಸರಿಯಾಗಿ 20 ಅಡಿ ಬರಬೇಕು. ಪಾಯಕ್ಕೆ ಗುರುತು ಹಾಕುವಾಗ ಮೇಸ್ತ್ರಿ ದಾರ ಹಿಡಿದು 3-4-5ರ ಲೆಕ್ಕ ನೋಡುವುದು ಇದಕ್ಕೇ. ಈಗ ಒಂದು ಕರ್ಣ 20 ಅಡಿ 3 ಇಂಚು, ಇನ್ನೊಂದು 19 ಅಡಿ 9 ಇಂಚು ಬಂದಿತೆನ್ನಿ. ನಾಲ್ಕು ಗೋಡೆಗಳ ಉದ್ದದಲ್ಲಿ ಒಂದು ನೂಲಿನಷ್ಟೂ ತಪ್ಪಿಲ್ಲ, ಆದರೂ ಕೋಣೆ ಆಯತವಲ್ಲ. 12 ಅಡಿಯ ಗೋಡೆ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವಷ್ಟರಲ್ಲಿ ಸುಮಾರು ಮೂರೂಮುಕ್ಕಾಲು ಇಂಚು ಓರೆಯಾಗಿದೆ. ಬರಿಗಣ್ಣಿಗೆ ಇದು ಕಾಣುವುದಿಲ್ಲ. ನೆಲಕ್ಕೆ ಟೈಲ್ಸ್ ಹಾಕಿ ಮುಗಿಸುವ ಹೊತ್ತಿಗೆ, ಗೋಡೆಯ ಬದಿಗೆ ಒಂದು ತುದಿಯಲ್ಲಿ ಅಗಲದ ತುಂಡು, ಇನ್ನೊಂದು ತುದಿಯಲ್ಲಿ ಸೀಳು ಬಂದಾಗ ಕಾಣುತ್ತದೆ.

ಇದು ನೆಲದ ಮಾತಾಯಿತು. ಗೋಡೆ ಮೇಲಕ್ಕೆ ಹೋಗುತ್ತಾ ಹೊರಕ್ಕೆ ವಾಲಿರಬಹುದು, ನಡುವೆ ಉಬ್ಬಿರಬಹುದು, ತೊಲೆ ಜಗ್ಗಿರಬಹುದು. ಗೋಡೆಯ ದಪ್ಪವಂತೂ ಬಾಗಿಲು ಕಿಟಕಿ ಇದ್ದಲ್ಲಿ ಮಾತ್ರ ಅಳತೆಗೆ ಸಿಗುತ್ತದೆ. ಮಣ್ಣಿನ ಗೋಡೆ ಬುಡದಲ್ಲಿ ದಪ್ಪ, ಮೇಲೆ ತೆಳು ಆಗಿದ್ದರೆ ಟೇಪಿಗೆ ಅದು ಗೊತ್ತಾಗುವುದೇ ಇಲ್ಲ. ಟೇಪು ಸುಳ್ಳು ಹೇಳುವುದಿಲ್ಲ, ಕೇಳಿದಷ್ಟಕ್ಕೆ ಮಾತ್ರ ಉತ್ತರ ಕೊಡುತ್ತದೆ. ಏನು ಕೇಳಬೇಕೆಂದು ನಮಗೆ ಮೊದಲೇ ತಿಳಿದಿರಬೇಕು. ಲೇಸರ್ ಸ್ಕ್ಯಾನರ್ ಹಾಗಲ್ಲ, ಕಂಡದ್ದನ್ನೆಲ್ಲ ಅಳೆದುಬಿಡುತ್ತದೆ.

## ಗೋಳಗುಮ್ಮಟದಲ್ಲಿ ಚಪ್ಪಾಳೆ

ವಿಜಯಪುರದ ಗೋಳಗುಮ್ಮಟದಲ್ಲಿ ಚಪ್ಪಾಳೆ ತಟ್ಟಿದವರಿಗೆ ಸ್ಕ್ಯಾನರಿನ ಅರ್ಧ ಗುಟ್ಟು ಆಗಲೇ ಗೊತ್ತು. ಶಬ್ದ ಹೋಗಿ ಗೋಡೆಗೆ ಬಡಿದು ಮರಳುತ್ತದೆ. ಹೋಗಿ ಬರಲು ಎಷ್ಟು ಹೊತ್ತು ಹಿಡಿಯಿತೆಂದು ತಿಳಿದರೆ ಗೋಡೆ ಎಷ್ಟು ದೂರ ಎಂದು ಲೆಕ್ಕ ಹಾಕಬಹುದು. ಶಬ್ದದ ವೇಗವನ್ನು ಆ ಹೊತ್ತಿನಿಂದ ಗುಣಿಸಿ ಅರ್ಧ ಮಾಡಿದರಾಯಿತು. ಅರ್ಧ ಏಕೆಂದರೆ ಅದು ಹೋಗಿದ್ದೂ ಇದೆ, ಬಂದಿದ್ದೂ ಇದೆ.

ಸ್ಕ್ಯಾನರ್ ಶಬ್ದದ ಬದಲು ಬೆಳಕನ್ನು ಕಳಿಸುತ್ತದೆ. ಬೆಳಕಿನ ಓಟ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿಗೆ ನ್ಯಾನೊಸೆಕೆಂಡ್ ಎಂದು ಹೆಸರು. ಅಷ್ಟರಲ್ಲಿ ಬೆಳಕು 30 ಸೆಂಟಿಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ಅಡಿ ಸಾಗುತ್ತದೆ. 3 ಮೀಟರ್ ದೂರದ ಗೋಡೆಗೆ ಹೋಗಿ ಬರಲು ಅದಕ್ಕೆ 20 ನ್ಯಾನೊಸೆಕೆಂಡ್ ಸಾಕು. ಅಳತೆ 3 ಮಿಲಿಮೀಟರಿನೊಳಗೆ ಸರಿ ಬರಬೇಕಾದರೆ ಯಂತ್ರದೊಳಗಿನ ಗಡಿಯಾರ ಒಂದು ನ್ಯಾನೊಸೆಕೆಂಡಿನ ಐವತ್ತನೇ ಒಂದು ಭಾಗವನ್ನು ಗುರುತಿಸಬೇಕು. (ಇನ್ನೊಂದು ಜಾತಿಯ ಸ್ಕ್ಯಾನರ್‌ಗಳು ಹೊತ್ತು ಎಣಿಸುವುದಿಲ್ಲ. ಹೋದ ಅಲೆಗೂ ಮರಳಿದ ಅಲೆಗೂ ಎಷ್ಟು ತಾಳ ತಪ್ಪಿದೆ ಎಂದು ನೋಡಿ ದೂರ ಹೇಳುತ್ತವೆ.)

ದೂರ ಒಂದೇ ಸಾಲದು, ಯಾವ ದಿಕ್ಕಿನಲ್ಲಿ ಎಂಬುದೂ ಬೇಕು. ಮುಕ್ಕಾಲಿಯ ಮೇಲೆ ಕೂತ ಯಂತ್ರದಲ್ಲಿ ಒಂದು ಪುಟ್ಟ ಕನ್ನಡಿ ಮೇಲೆ ಕೆಳಗೆ ಗಿರಗಿರ ತಿರುಗುತ್ತಿರುತ್ತದೆ. ಯಂತ್ರದ ತಲೆ ನಿಧಾನಕ್ಕೆ ಸುತ್ತುತ್ತದೆ. ಬೆಳಕು ಹೊರಟಾಗ ಕನ್ನಡಿ ಎಷ್ಟು ಓರೆಯಾಗಿತ್ತು, ತಲೆ ಎತ್ತ ತಿರುಗಿತ್ತು, ದೂರ ಎಷ್ಟು ಬಂತು, ಈ ಮೂರು ಸಂಗತಿ ಸೇರಿದರೆ ಗೋಡೆಯ ಮೇಲಿನ ಒಂದು ಚುಕ್ಕಿಯ ಜಾಗ ಖಚಿತ. ರಸ್ತೆ ಅಗಲ ಮಾಡುವಾಗ ಮುಕ್ಕಾಲಿ ಇಟ್ಟು ಒಂದು ಕಣ್ಣು ಮುಚ್ಚಿ ನೋಡುತ್ತಾ ನಿಲ್ಲುತ್ತಾರಲ್ಲ, ಆ ಟೋಟಲ್ ಸ್ಟೇಷನ್ ಎಂಬ ಯಂತ್ರದ ಲೆಕ್ಕವೂ ಇದೇ. ಅಲ್ಲಿ ಮನುಷ್ಯ ಆರಿಸಿದ ಒಂದೊಂದೇ ಚುಕ್ಕಿ ದಾಖಲಾಗುತ್ತದೆ. ಸ್ಕ್ಯಾನರ್‌ಗೆ ಆರಿಸುವ ಗೊಡವೆ ಇಲ್ಲ. ಈಗಿನ ಒಳ್ಳೆಯ ಯಂತ್ರಗಳು ಸೆಕೆಂಡಿಗೆ ಹತ್ತು ಲಕ್ಷಕ್ಕೂ ಹೆಚ್ಚು ಚುಕ್ಕಿಗಳನ್ನು ಅಳೆಯುತ್ತವೆ. ಒಂದು ಕೋಣೆಗೆ ಕೆಲವು ನಿಮಿಷ ಸಾಕು.

## ಚುಕ್ಕಿ ಮೊದಲು, ಗೆರೆ ಆಮೇಲೆ

ಹೀಗೆ ಸಿಗುವ ಕೋಟಿಗಟ್ಟಲೆ ಚುಕ್ಕಿಗಳ ರಾಶಿಗೆ ಪಾಯಿಂಟ್ ಕ್ಲೌಡ್ ಎನ್ನುತ್ತಾರೆ. ಚುಕ್ಕಿಗಳ ಮೋಡ. ಕಂಪ್ಯೂಟರಿನ ಪರದೆಯಲ್ಲಿ ದೂರದಿಂದ ನೋಡಿದರೆ ಥೇಟ್ ಮನೆಯ ಫೋಟೊ. ಹತ್ತಿರ ಹೋದಂತೆ ಗೋಡೆ ಪುಡಿಪುಡಿಯಾಗಿ ಚುಕ್ಕಿ ಚುಕ್ಕಿಯಾಗಿ ಬಿಡುತ್ತದೆ, ನಾವು ಅದರೊಳಗಿಂದಲೇ ತೂರಿ ಆಚೆ ಹೋಗಬಹುದು. ಯಾವ ಎರಡು ಚುಕ್ಕಿಗಳ ಮೇಲೆ ಒತ್ತಿದರೂ ನಡುವಿನ ಅಂತರ ಕಾಣುತ್ತದೆ.

ಒಂದೇ ಜಾಗದಲ್ಲಿ ಕೂತ ಯಂತ್ರಕ್ಕೆ ಬೀರುವಿನ ಹಿಂದೆ ಏನಿದೆಯೋ ತಿಳಿಯದು. ಕಂಬದ ಹಿಂದೆಯೂ ಅಷ್ಟೇ. ದೀಪದ ಎದುರು ಬಿದ್ದ ನೆರಳಿನಂತೆ ಅಲ್ಲಿ ಬರೀ ಖಾಲಿ. ಅದಕ್ಕೇ ಪಡಸಾಲೆಯಲ್ಲಿ ಎರಡು ಕಡೆ, ಬಾಗಿಲಲ್ಲಿ ಒಂದು ಕಡೆ, ನಡುಮನೆಯಲ್ಲಿ ಒಂದು ಕಡೆ ಎಂದು ಯಂತ್ರವನ್ನು ಎತ್ತಿ ಎತ್ತಿ ಇಡುತ್ತಾರೆ. ಆಮೇಲೆ ಈ ತುಂಡುಗಳನ್ನು ಕೌದಿ ಹೊಲಿದ ಹಾಗೆ ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ ಜೋಡಿಸುತ್ತಾರೆ. ಎರಡೂ ತುಂಡುಗಳಲ್ಲಿ ಕಾಣುವ ಗುರುತುಗಳು ಇದ್ದರೆ ಜೋಡಣೆ ಸಲೀಸು. ಗೋಡೆಗೆ ಅಂಟಿಸಿದ ಕಪ್ಪು ಬಿಳುಪು ಚೌಕದ ಚೀಟಿ, ಕಿಟಕಿಯ ಮೇಲಿಟ್ಟ ಬಿಳಿ ಚೆಂಡು ಇದಕ್ಕಾಗಿಯೇ, ದೃಷ್ಟಿಗಲ್ಲ. ಬಾಗಿಲಿನ ಮೂಲಕ ಒಳಗಿನ ತುಂಡೂ ಹೊರಗಿನ ತುಂಡೂ ಸೇರಿಬಿಟ್ಟರೆ ಗೋಡೆಯ ಎರಡೂ ಮೈ ಒಂದೇ ಲೆಕ್ಕದೊಳಗೆ ಬಂದಂತಾಯಿತು. ಆಗ ಗೋಡೆಯ ದಪ್ಪ ಬುಡದಲ್ಲೆಷ್ಟು, ಸೂರಿನ ಹತ್ತಿರ ಎಷ್ಟು ಎಂದು ಎಲ್ಲಿ ಬೇಕಾದರೂ ನೋಡಬಹುದು. ಟೇಪಿನಿಂದ ಆಗದ ಕೆಲಸ ಇಲ್ಲಿ ತಾನಾಗಿ ಆಗುತ್ತದೆ.

ಆದರೆ ಚುಕ್ಕಿ ಇಟ್ಟ ಮಾತ್ರಕ್ಕೆ ರಂಗೋಲಿ ಆಗಲಿಲ್ಲ. ಚುಕ್ಕಿಗಳ ರಾಶಿಗೆ ಇದು ಗೋಡೆ, ಇದು ಕದ, ಇದು ಗೋಡೆಗೆ ನೇತುಹಾಕಿದ ಕ್ಯಾಲೆಂಡರ್ ಎಂಬ ವಿವೇಕವಿಲ್ಲ. ಯಾರೋ ಒಬ್ಬರು ಕಂಪ್ಯೂಟರ್ ಮುಂದೆ ಕೂತು ಚುಕ್ಕಿಗಳನ್ನು ನೋಡಿ ಗೆರೆ ಎಳೆಯಬೇಕು. ಸ್ಕ್ಯಾನಿಗೆ ಒಂದು ದಿನ ಹಿಡಿದರೆ ಈ ಕೆಲಸಕ್ಕೆ ಎಷ್ಟೋ ದಿನ. ಖರ್ಚಿನ ದೊಡ್ಡ ಪಾಲು ಇಲ್ಲಿಯೇ.

ಈ ಗೆರೆಗಳು ಎರಡು ಬಗೆ. ಒಂದು ಮಾಮೂಲಿ ನಕ್ಷೆ: ಮೇಲಿನಿಂದ ಕಂಡ ಹಾಗೆ ಪ್ಲಾನು, ಮನೆಯನ್ನು ಹಲಸಿನ ಹಣ್ಣಿನಂತೆ ಸೀಳಿದರೆ ಕಾಣುವ ಸೆಕ್ಷನ್, ಹೊರಮೈಯ ಎಲಿವೇಷನ್. ಇನ್ನೊಂದಕ್ಕೆ ಬಿಮ್ (ಬಿಲ್ಡಿಂಗ್ ಇನ್ಫರ್ಮೇಷನ್ ಮಾಡೆಲ್) ಎನ್ನುತ್ತಾರೆ. ಮಾಮೂಲಿ ನಕ್ಷೆಯಲ್ಲಿ ಬಾಗಿಲೆಂದರೆ ನಾಲ್ಕು ಗೆರೆ, ಅಷ್ಟೆ. ಬಿಮ್‌ನಲ್ಲಿ ಅದು ಬಾಗಿಲೆಂದೇ ದಾಖಲಾಗಿರುತ್ತದೆ: ಯಾವ ಮರ, ಎಷ್ಟು ಎತ್ತರ, ಯಾವ ಗೋಡೆಯೊಳಗೆ ಕೂತಿದೆ ಎಂಬುದೆಲ್ಲ ಅದಕ್ಕೆ ಅಂಟಿಕೊಂಡಿರುತ್ತದೆ. ಗೋಡೆ ಸರಿಸಿದರೆ ಬಾಗಿಲೂ ಜೊತೆಗೆ ಸರಿಯುತ್ತದೆ, ಗಾರೆಯ ಲೆಕ್ಕವೂ ಬದಲಾಗುತ್ತದೆ. ಆಸ್ಪತ್ರೆ, ಕಾಲೇಜಿನಂಥ ದೊಡ್ಡ ಕಟ್ಟಡಗಳಿಗೆ ಇದು ವರ. ಮೂರು ಕೋಣೆಯ ಮನೆಗೆ ಎಷ್ಟೋ ಸಲ ಮಾಮೂಲಿ ನಕ್ಷೆಯೇ ಸಾಕಾಗುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ, ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ. ನಕ್ಷೆ ಬಿಡಿಸುವ ಸಾಫ್ಟ್‌ವೇರ್‌ಗೆ ನೇರ ಗೋಡೆ, 90 ಡಿಗ್ರಿಯ ಮೂಲೆ ಎಂದರೆ ಬಲು ಪ್ರೀತಿ. ಬಿಡಿಸುವವರು ಅವಸರದಲ್ಲಿದ್ದರೆ ಮೂರೂಮುಕ್ಕಾಲು ಇಂಚು ಓರೆಯಾದ ಗೋಡೆಯನ್ನು ಪರದೆಯ ಮೇಲೆ ನೆಟ್ಟಗೆ ಮಾಡಿಬಿಡುತ್ತಾರೆ. ಮನೆ ಮಾತ್ರ ಓರೆಯಾಗಿಯೇ ಉಳಿಯುತ್ತದೆ. ಯಂತ್ರ ಮಿಲಿಮೀಟರ್ ಲೆಕ್ಕದಲ್ಲಿ ಹಿಡಿದ ನಿಜ, ಗೆರೆ ಎಳೆಯುವಾಗ ಇಂಚುಗಟ್ಟಲೆ ಸೋರಿಹೋಗುತ್ತದೆ.

## ಫೋಟೊಗಳಿಂದಲೂ ಅಳೆಯಬಹುದು

ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದು ಮುಚ್ಚಿ. ಬೆರಳು ಪಕ್ಕಕ್ಕೆ ಜಿಗಿದಂತೆ ಕಾಣುತ್ತದೆ. ಬೆರಳು ಹತ್ತಿರವಿದ್ದಷ್ಟೂ ಜಿಗಿತ ಹೆಚ್ಚು. ಬೇರೆ ಬೇರೆ ಜಾಗದಿಂದ ತೆಗೆದ ಫೋಟೊಗಳಲ್ಲಿ ಒಂದೇ ಕಲ್ಲು ಎಷ್ಟೆಷ್ಟು ಜಿಗಿದಿದೆ ಎಂದು ನೋಡಿ ಅದರ ದೂರವನ್ನು ಲೆಕ್ಕ ಹಾಕುವ ವಿದ್ಯೆಗೆ ಫೋಟೋಗ್ರಾಮೆಟ್ರಿ ಎಂದು ಹೆಸರು. ಹೆಂಚಿನ ಮಾಡು, ಗೋಪುರದ ಗಾರೆ ಬೊಂಬೆಗಳು, ಏಣಿ ಎಟುಕದ ಸೂರು, ಇಲ್ಲೆಲ್ಲ ಡ್ರೋನ್ ಹಾರಿಸಿ ಹೀಗೆ ಮಾಡುತ್ತಾರೆ. 2020ರ ಏಪ್ರಿಲ್‌ನಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಗಳ ಮನೆ ಜಾಗಕ್ಕೆ ಸುಣ್ಣದ ಗೆರೆ ಎಳೆದು ಮೇಲೆ ಡ್ರೋನ್ ಹಾರಿಸಿದ್ದನ್ನು ಕರ್ನಾಟಕದ ಹಲವು ಊರಿನವರು ಕಂಡಿದ್ದಾರೆ. ಆ ನಕ್ಷೆಯೂ ಫೋಟೊಗಳಿಂದ ಹುಟ್ಟಿದ್ದೇ.

ಬೋಳು ಬಿಳಿ ಗೋಡೆಯಲ್ಲಿ ಮಾತ್ರ ಈ ವಿದ್ಯೆ ಸೋಲುತ್ತದೆ. ಎರಡು ಫೋಟೊಗಳಲ್ಲಿ ಹೋಲಿಸಿ ನೋಡಲು ಅಲ್ಲಿ ಏನೂ ಇರುವುದಿಲ್ಲವಲ್ಲ. ಲೇಸರ್‌ಗೆ ಬಿಳಿ ಗೋಡೆ ಸಲೀಸು, ಕನ್ನಡಿ ಮತ್ತು ಗಾಜು ಕಷ್ಟ. ಕನ್ನಡಿಯ ಆಚೆ ಇಲ್ಲದ ಕೋಣೆಯೊಂದನ್ನು ಅದು ನಂಬಿಕೆಯಿಂದ ಅಳೆದು ಬರುತ್ತದೆ.

## ಪ್ಯಾರಿಸ್ಸಿನ ಬೆಂಕಿ, ಅದಕ್ಕೂ ಮೊದಲಿನ ಚುಕ್ಕಿಗಳು

ಲೇಸರ್ ಸ್ಕ್ಯಾನಿಂಗ್ ಜಗತ್ತಿನ ಬಹಳ ಮಂದಿಗೆ ಪರಿಚಯವಾದದ್ದು ಒಂದು ಬೆಂಕಿಯಿಂದ. 2019ರ ಏಪ್ರಿಲ್ 15ರ ಸಂಜೆ ಪ್ಯಾರಿಸ್ಸಿನ ನೋತ್ರ ದಾಮ್ ಚರ್ಚಿನ ಮಾಡು ಹೊತ್ತಿ ಉರಿಯಿತು. ಶಿಖರ ಮುರಿದು ಬಿತ್ತು, ಕಲ್ಲಿನ ಕಮಾನು ಚಾವಣಿಯ ಕೆಲವು ಭಾಗ ಕುಸಿಯಿತು. ಇದ್ದ ಹಾಗೆಯೇ ಮತ್ತೆ ಕಟ್ಟಬೇಕೆಂದರೆ, ಇದ್ದದ್ದು ಹೇಗಿತ್ತು?

ಆಂಡ್ರ್ಯೂ ಟ್ಯಾಲನ್ ಎಂಬ ಅಮೆರಿಕದ ಕಲಾ ಇತಿಹಾಸಕಾರರು 2010ರಲ್ಲೇ ಆ ಚರ್ಚಿನ ಒಳಗೂ ಹೊರಗೂ ಐವತ್ತಕ್ಕೂ ಹೆಚ್ಚು ಜಾಗಗಳಲ್ಲಿ ಸ್ಕ್ಯಾನರ್ ನಿಲ್ಲಿಸಿ ನೂರು ಕೋಟಿಗೂ ಮೀರಿದ ಚುಕ್ಕಿಗಳನ್ನು ಸಂಗ್ರಹಿಸಿದ್ದರು. ರಿಪೇರಿ ಅವರ ಉದ್ದೇಶವಾಗಿರಲಿಲ್ಲ. ಮಧ್ಯಯುಗದ ಕಟ್ಟುವವರು ಹೇಗೆ ಯೋಚಿಸುತ್ತಿದ್ದರೆಂದು ಕಲ್ಲಿನಿಂದಲೇ ತಿಳಿಯುವ ಆಸೆ ಇತ್ತು. ಸಾಲಾಗಿ ನಿಂತಂತೆ ಕಾಣುವ ಕಂಬಗಳು ನಿಜವಾಗಿ ಒಂದೇ ಸಾಲಿನಲ್ಲಿಲ್ಲ ಎಂಬಂಥ ಸಂಗತಿಗಳು ಆ ಚುಕ್ಕಿಗಳಲ್ಲಿ ಅವರಿಗೆ ಕಂಡವು. 2018ರ ನವೆಂಬರ್‌ನಲ್ಲಿ ಅವರು ತೀರಿಕೊಂಡರು. ಐದು ತಿಂಗಳಿಗೆ ಬೆಂಕಿ ಬಿತ್ತು.

ಬೆಂಕಿಯ ನಂತರ ಮತ್ತೆ ಸ್ಕ್ಯಾನ್ ಮಾಡಿದರು. ಮೊದಲಿನ ಚುಕ್ಕಿಗಳೂ ಆಮೇಲಿನ ಚುಕ್ಕಿಗಳೂ ಇದ್ದಾಗ ಒಂದರ ಮೇಲೊಂದು ಇಟ್ಟು ಯಾವ ಕಲ್ಲು ಎಷ್ಟು ಕದಲಿದೆ ಎಂದು ನೋಡಬಹುದು. ಇನ್ನು ಮಾಡಿನೊಳಗಿನ ಓಕ್ ಮರದ ಚೌಕಟ್ಟು. ತೊಲೆಗಳ ದಟ್ಟಣೆಗೆ ಅದನ್ನು 'ಕಾಡು' ಎಂದೇ ಕರೆಯುತ್ತಿದ್ದರು. ಅದು ಬೂದಿಯಾಗಿತ್ತು. ಅದರ ವಿವರಗಳಿಗೆ ನೆರವಾದದ್ದು 2014ರಲ್ಲಿ ರೆಮಿ ಫ್ರೊಮೊಂ, ಸೆಡ್ರಿಕ್ ತ್ರಾಂತಸೋ ಎಂಬ ಇಬ್ಬರು ವಾಸ್ತುಶಿಲ್ಪಿಗಳು ಮಾಡಿಟ್ಟಿದ್ದ ಸರ್ವೆ. ಹೊಸ ತೊಲೆಗಳನ್ನು ಬಡಗಿಗಳು ಹಳೆಯ ಪದ್ಧತಿಯಂತೆ ಕೊಡಲಿಯಿಂದಲೇ ಕೆತ್ತಿದರು. 2024ರ ಡಿಸೆಂಬರ್‌ನಲ್ಲಿ ಚರ್ಚು ಮತ್ತೆ ತೆರೆಯಿತು.

ನಮ್ಮ ದೇಶದ ಒಂದು ಉದಾಹರಣೆ ನಿಮ್ಮ ಕಿಸೆಯಲ್ಲೇ ಇರಬಹುದು. ನೇರಳೆ ಬಣ್ಣದ 100 ರೂಪಾಯಿ ನೋಟಿನ ಹಿಂದೆ ಇರುವ ಗುಜರಾತಿನ ರಾಣಿ ಕಿ ವಾವ್ ಎಂಬ ಮೆಟ್ಟಿಲುಬಾವಿಯನ್ನು 2011ರಲ್ಲಿ ಲೇಸರ್‌ನಿಂದ ಸ್ಕ್ಯಾನ್ ಮಾಡಲಾಗಿದೆ. ಆ ಕೆಲಸದಲ್ಲಿ ಸ್ಕಾಟ್ಲೆಂಡಿನವರ ಜೊತೆ ಕೈಜೋಡಿಸಿದ್ದ ಸೈಆರ್ಕ್ ಸಂಸ್ಥೆಯ ಸ್ಥಾಪಕ ಬೆನ್ ಕಸೀರಾ ಮೂಲತಃ ಸಿವಿಲ್ ಎಂಜಿನಿಯರ್. ಇರಾಕಿನ ಮೋಸುಲ್‌ನಲ್ಲಿ ಹುಟ್ಟಿದವರು, ಕಟ್ಟಡ ಅಳೆಯುವ ಲೇಸರ್ ಸ್ಕ್ಯಾನರ್‌ಗಳನ್ನು ಮೊದಮೊದಲು ತಯಾರಿಸಿದವರಲ್ಲಿ ಒಬ್ಬರು. 2001ರಲ್ಲಿ ಅಫ್ಘಾನಿಸ್ತಾನದ ಬಾಮಿಯಾನ್‌ನ ಬೃಹತ್ ಬುದ್ಧ ವಿಗ್ರಹಗಳನ್ನು ಒಡೆದುಹಾಕಿದ್ದು ಕಂಡು, ಉಳಿದಿರುವುದನ್ನಾದರೂ ಅಳೆದಿಡಬೇಕೆಂದು 2003ರಲ್ಲಿ ಆ ಸಂಸ್ಥೆ ಕಟ್ಟಿದರು. ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿಯವರು ಶಾಸನದ ಕಲ್ಲುಗಳನ್ನು 3ಡಿ ಸ್ಕ್ಯಾನ್ ಮಾಡುತ್ತಿರುವುದೂ ಇದೇ ಕಾಳಜಿಯಿಂದ.

## ಗೋಡೆಯೊಳಗಿನ ಗೆದ್ದಲು

ಇಷ್ಟೆಲ್ಲ ಹೇಳಿದ ಮೇಲೆ ದೊಡ್ಡಮ್ಮನ ಪ್ರಶ್ನೆಗೆ ಮರಳಬೇಕು. ಬಸುರಿಯ ಸ್ಕ್ಯಾನು ಒಳಗಿನದನ್ನು ತೋರಿಸುತ್ತದೆ. ಮನೆಯ ಲೇಸರ್ ಸ್ಕ್ಯಾನು ಹೊರಮೈಯನ್ನು ಮಾತ್ರ ತೋರಿಸುತ್ತದೆ. ಹೆಸರು ಒಂದೇ ಆದ್ದರಿಂದ ಗೊಂದಲ.

ಮದ್ರಾಸ್ ತಾರಸಿಯ ಹಳೆಯ ಮನೆಯನ್ನೇ ತೆಗೆದುಕೊಳ್ಳಿ. ಮರದ ತೊಲೆಗಳು, ಅವುಗಳ ಮೇಲೆ ಜಂತೆ, ಅದರ ಮೇಲೆ ಓರೆಯಾಗಿ ನಿಲ್ಲಿಸಿದ ತೆಳು ಇಟ್ಟಿಗೆ, ಮೇಲೆ ಸುಣ್ಣದ ಗಾರೆ. ನಡುವೆ ತೊಲೆ ಮುಕ್ಕಾಲು ಇಂಚು ಜಗ್ಗಿದೆ ಎಂದು ಸ್ಕ್ಯಾನರ್ ನಿಖರವಾಗಿ ಹೇಳುತ್ತದೆ. ಆದರೆ ತೊಲೆಯ ತುದಿ ಗೋಡೆಯೊಳಗೆ ಹೂತಿರುತ್ತದೆ. ಮಳೆನೀರು ಇಳಿದು ಕೊಳೆಯುವುದು, ಗೆದ್ದಲು ಹತ್ತುವುದು ಸಾಮಾನ್ಯವಾಗಿ ಆ ತುದಿಯಲ್ಲೇ. ಅದು ಲೇಸರ್‌ಗೆ ಕಾಣದು.

ಒಳಗಿನದಕ್ಕೆ ಬೇರೆ ಉಪಕರಣಗಳಿವೆ. ಥರ್ಮಲ್ ಕ್ಯಾಮೆರಾ ಗೋಡೆಯ ಮೈಯ ಬಿಸಿ ತಂಪನ್ನು ಬಣ್ಣಗಳಲ್ಲಿ ತೋರಿಸುತ್ತದೆ. ತೇವ ಇದ್ದಲ್ಲಿ ನೀರು ಆರುತ್ತಾ ಗೋಡೆಯನ್ನು ತಂಪು ಮಾಡುವುದರಿಂದ, ಮಣ್ಣಿನ ಹೂಜಿಯ ನೀರು ತಣ್ಣಗಾಗುವ ಅದೇ ಕಾರಣಕ್ಕೆ, ಸೋರಿಕೆಯ ಜಾಗ ಎದ್ದು ಕಾಣುತ್ತದೆ. ಕಾಂಕ್ರೀಟಿನೊಳಗೆ ಕಬ್ಬಿಣ ಎಲ್ಲಿದೆ ಎಂದು ಹುಡುಕುವ ಪುಟ್ಟ ಯಂತ್ರಗಳಿವೆ. ಗೋಡೆ, ನೆಲದೊಳಗೆ ರೇಡಿಯೊ ಅಲೆ ಕಳಿಸಿ ಪೊಳ್ಳು, ಪೈಪುಗಳನ್ನು ಹುಡುಕುವ ರೇಡಾರ್ ಇದೆ. ಇವುಗಳ ಜೊತೆಗೆ ಮೇಸ್ತ್ರಿಯ ಬೆರಳ ಗೆಣ್ಣೂ ಇದೆ: ಗೋಡೆಗೆ ಟಕ್ ಎಂದು ಬಡಿದು, ತೆಂಗಿನಕಾಯಿ ಆರಿಸುವವರ ಹಾಗೆ ಕಿವಿಗೊಟ್ಟು, "ಇಲ್ಲಿ ಗಾರೆ ಬಿಟ್ಟಿದೆ ಸಾರ್" ಎನ್ನುವುದು. ಯಾವ ಯಂತ್ರ ಬಂದರೂ ಆ ಟಕ್ ತಪ್ಪಿಸಬೇಡಿ.

ಸ್ಕ್ಯಾನಿಗೆ ಇನ್ನೊಂದು ಬಲವಿದೆ, ಅದು ಕಾಲ. ಗೋಡೆಯಲ್ಲಿ ಬಿರುಕಿದ್ದರೆ ಹಿಂದೆ ಅದಕ್ಕೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸುತ್ತಿದ್ದರು. ಗಾಜು ಒಡೆದರೆ ಬಿರುಕು ಇನ್ನೂ ಬೆಳೆಯುತ್ತಿದೆ ಎಂದರ್ಥ. ಈಗ ಮಳೆಗಾಲದ ಮುಂಚೆ ಒಮ್ಮೆ, ನಂತರ ಒಮ್ಮೆ ಸ್ಕ್ಯಾನ್ ಮಾಡಿ ಎರಡನ್ನೂ ಹೋಲಿಸಿದರೆ ಇಡೀ ಗೋಡೆಯಲ್ಲಿ ಯಾವ ಭಾಗ ಎತ್ತ ಸರಿದಿದೆ ಎಂದು ಬಣ್ಣದ ಚಿತ್ರ ಸಿಗುತ್ತದೆ. ಯಂತ್ರದ ತಪ್ಪಿನ ಮಿತಿಗಿಂತ ಸಣ್ಣ ಚಲನೆ ಮಾತ್ರ ಇದರಲ್ಲಿ ಸಿಗದು. ಕೂದಲೆಳೆ ಬಿರುಕಿಗೆ ಇವತ್ತಿಗೂ ಆ ಗಾಜಿನ ಪಟ್ಟಿಯೇ ಮೇಲು.

## ಫೋನಿನಿಂದ ಆಗದೆ?

ಸ್ವಲ್ಪ ಮಟ್ಟಿಗೆ ಆಗುತ್ತದೆ. 2020ರಲ್ಲಿ ಬಂದ ಐಫೋನ್ 12 ಪ್ರೊದಿಂದ ಶುರುವಾಗಿ ಆಪಲ್‌ನ ದುಬಾರಿ ಫೋನುಗಳಲ್ಲಿ ಲೈಡಾರ್ ಎಂಬ ಪುಟ್ಟ ಬೆಳಕಿನ ಅಳತೆಗಾರ ಇದೆ. ಸುಮಾರು 5 ಮೀಟರ್‌ವರೆಗೆ ಅದರ ಕೈ ಎಟುಕುತ್ತದೆ. ಕೋಣೆಯಲ್ಲಿ ಫೋನು ಹಿಡಿದು ಸುತ್ತು ಬಂದರೆ ಒಂದು ನಕ್ಷೆ ತಯಾರು. ಬಣ್ಣಕ್ಕೆ ಎಷ್ಟು ಚದರಡಿ, ಸೋಫಾ ಹಿಡಿಸುತ್ತದೋ ಇಲ್ಲವೋ ಎಂಬುದಕ್ಕೆಲ್ಲ ಇದು ಸಾಕು. ತಪ್ಪು ಸೆಂಟಿಮೀಟರ್‌ಗಳ ಲೆಕ್ಕದಲ್ಲಿ ಬರುತ್ತದೆ, ಕೋಣೆಯಿಂದ ಕೋಣೆಗೆ ನಡೆದಂತೆ ಬೆಳೆಯುತ್ತಾ ಹೋಗುತ್ತದೆ. ಈ ಅಳತೆ ನಂಬಿ ಬಾಗಿಲುವಾಡಕ್ಕೆ ಮರ ಕೊಯ್ಯಿಸಬೇಡಿ.

## ಒಪ್ಪಿಗೆ ಕೊಡುವ ಮುಂಚೆ

ಎಲ್ಲ ಮನೆಗೂ ಇದು ಬೇಕಿಲ್ಲ. ಬಣ್ಣ, ನೆಲ, ಅಡುಗೆಮನೆಯ ಕಟ್ಟೆ ಬದಲಿಸುವುದಷ್ಟೇ ಆದರೆ ಟೇಪು ಧಾರಾಳ. ಗೋಡೆ ತೆಗೆಯುವುದು, ಮೇಲೆ ಇನ್ನೊಂದು ಅಂತಸ್ತು ಏರಿಸುವುದು, ವಾಲಿದ ಗೋಡೆಗೆ ಆಸರೆ ಕೊಡುವುದು, ಹಳೆಯ ಮಾಡು ಬಿಚ್ಚಿ ಮತ್ತೆ ಜೋಡಿಸುವುದು, ಇಂಥ ಕಡೆ ಸ್ಕ್ಯಾನಿನ ಖರ್ಚಿಗೆ ಅರ್ಥವಿದೆ.

ಮಾಡಿಸುವುದಾದರೆ ನಕ್ಷೆ ಬಿಡಿಸುವವರಿಗೆ ನೇರವಾಗಿ ಕೇಳಿ: ಗೋಡೆಯ ಓರೆ ಎಷ್ಟಿದ್ದರೆ ಅದನ್ನು ನಕ್ಷೆಯಲ್ಲಿ ಹಾಗೇ ತೋರಿಸುತ್ತೀರಿ, ಎಷ್ಟಿದ್ದರೆ ನೆಟ್ಟಗೆ ಮಾಡುತ್ತೀರಿ? ಉತ್ತರವನ್ನು ಕರಾರಿನಲ್ಲಿ ಬರೆಸಿಕೊಳ್ಳಿ. ನಕ್ಷೆಯ ಜೊತೆ ಮೂಲ ಚುಕ್ಕಿಗಳ ಕಡತವನ್ನೂ ಕೇಳಿ ಪಡೆಯಿರಿ. ಹಾರ್ಡ್ ಡಿಸ್ಕ್ ಬೇಕಾಗುವಷ್ಟು ದೊಡ್ಡದಿರುತ್ತದೆ, ಇರಲಿ. ನಾಳೆ ನಕ್ಷೆಯಲ್ಲಿ ಅನುಮಾನ ಬಂದರೆ ಮರಳಿ ನೋಡಲು ಅದೊಂದೇ ಸಾಕ್ಷಿ. ಬೀರು ಮಂಚಗಳನ್ನು ಗೋಡೆಯಿಂದ ಈಚೆಗೆ ಎಳೆದಿಡಿ, ಅಟ್ಟದ ದೀಪ ಹಾಕಿ, ಬೀಗ ಹಾಕಿದ ಕೋಣೆಗಳ ಕೀಲಿ ಹುಡುಕಿಡಿ. ಕಂಡದ್ದನ್ನೆಲ್ಲ ಯಂತ್ರ ಹಿಡಿಯುವುದರಿಂದ ಬೇರೆಯವರು ನೋಡಬಾರದ ಕಾಗದ ಪತ್ರ, ಫೋಟೊಗಳನ್ನು ಒಳಗಿಡಿ.

ಯಂತ್ರ ಸುತ್ತುವಾಗ ಕೋಣೆಯಲ್ಲಿ ಯಾರೂ ಓಡಾಡಬಾರದು. ಓಡಾಡಿದವರು ಚುಕ್ಕಿಗಳಲ್ಲಿ ಸಿಕ್ಕಿಬೀಳುತ್ತಾರೆ, ಆದರೆ ಪೂರ್ತಿ ಮನುಷ್ಯರಾಗಿ ಅಲ್ಲ, ಹೊಗೆಯಂಥ ಒಂದು ಗೀರಾಗಿ. ನಮ್ಮ ಮನೆಯಲ್ಲಿ ಎಷ್ಟು ಹೇಳಿದರೂ ಕೇಳದೆ, ಸ್ಕ್ಯಾನ್ ಮಾಡುತ್ತಿದ್ದ ಹುಡುಗನಿಗೆ ಕಾಫಿ ತರಲೆಂದು ದೊಡ್ಡಮ್ಮ ನಡುಮನೆ ದಾಟಿದರು. ನಕ್ಷೆ ಬಿಡಿಸುವಾಗ ಆ ಗೀರನ್ನು ಅಳಿಸಿದ್ದಾರೆ. ಮೂಲ ಕಡತದಲ್ಲಿ ಅಡುಗೆಮನೆಯ ಹೊಸ್ತಿಲಿನಿಂದ ಪಡಸಾಲೆಯ ಕಂಬದವರೆಗೆ ಅದು ಇನ್ನೂ ಇದೆ.